ಮನೆಮಂದಿಯ ಮುಖ ಮಸುಕಾಗದಿರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳುತ್ತಾರೆ ಎಂದುಕೊಂಡಿದ್ದೆ. "ಎಲ್ಲರ ಮನೆಗೂ ಉಪಯೋಗ ಆಗೋದು ಹೇಳಪ್ಪ" ಎಂದರು ಮೇಷ್ಟ್ರು. ಹಾಗಾಗಿ ನನ್ನ ಹವ್ಯಾಸವಾದ ಫೋಟೊ ತೆಗೆಯುವುದರ ಬಗ್ಗೆ, ಅದರಲ್ಲೂ ಮನೆಮಂದಿಯ ಫೋಟೊ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕಡೆ ಯಾರ ಮನೆಯ ಪಡಸಾಲೆಗಾದರೂ ಹೋಗಿ ಗೋಡೆ ನೋಡಿ. ತೀರಿಹೋದ ಅಜ್ಜ ಅಜ್ಜಿಯರ ಫೋಟೊಗೆ ಹಾರ ಹಾಕಿರುತ್ತಾರೆ. ಆದರೆ ಎಷ್ಟೋ ಫೋಟೊಗಳಲ್ಲಿ ಮುಖವೇ ಮಸುಕು. ವೋಟರ್ ಕಾರ್ಡಿನ ಚಿತ್ರವನ್ನೋ, ಮದುವೆ ಗುಂಪಿನಲ್ಲಿ ಹಿಂದೆ ನಿಂತಿದ್ದ ಮುಖವನ್ನೋ ಕತ್ತರಿಸಿ ದೊಡ್ಡದು ಮಾಡಿಸಿರುತ್ತಾರೆ. ಈಗಿನ ಸಾಫ್ಟ್‌ವೇರ್ ಅದನ್ನು ಚೊಕ್ಕ ಮಾಡಿಕೊಡುತ್ತದೆ, ನಿಜ. ಆದರೆ ಚಿತ್ರದಲ್ಲಿ ಇಲ್ಲದ ಸುಕ್ಕು, ಮಚ್ಚೆಗಳನ್ನು ಅದು ಊಹಿಸಿ ತುಂಬುತ್ತದೆ. ಆ ಮುಖ ಪೂರ್ತಿ ನಮ್ಮ ಅಜ್ಜಿಯದಲ್ಲ. ಅದೇ ಕಸುಬಿನವನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಮೊದಲೇ ಸ್ಪಷ್ಟವಾಗಿ ತೆಗೆದಿಡುವುದೊಂದೇ ದಾರಿ.

ನನ್ನ ಹತ್ತಿರ ಇರುವುದು 70-200 ಎಂ.ಎಂ. ಟೆಲಿಫೋಟೊ ಜೂಮ್ ಲೆನ್ಸ್. ಇಂಥವು ಹಕ್ಕಿಗೆ, ಕ್ರಿಕೆಟ್ಟಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಮುಖಕ್ಕೂ ಇದು ಒಳ್ಳೆಯದು. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣದಾಗಿ ಕಾಣುತ್ತವೆ. ಹತ್ತು ಹದಿನೈದು ಅಡಿ ದೂರ ನಿಂತು ಜೂಮ್ ಮಾಡಿದರೆ ಮುಖ ಇದ್ದ ಹಾಗೆ ಬರುತ್ತದೆ. ಕ್ಯಾಮೆರಾ ಮೂಗಿನ ಮುಂದಿಲ್ಲದ್ದರಿಂದ ಅಜ್ಜಿಯೂ ಆರಾಮವಾಗಿ ಕೂತಿರುತ್ತಾಳೆ.

ಆದರೆ ಈ ಲೆನ್ಸ್ ಮುಖದ ಜೊತೆಗೆ ಕೈನಡುಕವನ್ನೂ ದೊಡ್ಡದು ಮಾಡುತ್ತದೆ. ಹಳೆಯ ಲೆಕ್ಕವೊಂದಿದೆ: 200 ಎಂ.ಎಂ.ಗೆ ಶಟರ್ ವೇಗ ಕನಿಷ್ಠ 1/200 ಸೆಕೆಂಡ್ ಇರಬೇಕು. ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆ ನಮ್ಮ ಕೈಯನ್ನು ಸಂಭಾಳಿಸುತ್ತದೆಯೇ ಹೊರತು ತೊಡೆಯ ಮೇಲೆ ಕುಣಿಯುವ ಕೂಸನ್ನಲ್ಲ. ಮಕ್ಕಳಿದ್ದರೆ 1/500 ಇಡಿ. ಬೆಳಕು ಸಾಲದಿದ್ದರೆ ಐ.ಎಸ್.ಒ. ಏರಿಸಿ. ಸ್ವಲ್ಪ ಕಾಳುಕಾಳಾದರೂ ಪರವಾಗಿಲ್ಲ, ಮುಖ ಅಲುಗಬಾರದು.

ಎರಡನೆಯದು ಆಳ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 200 ಎಂ.ಎಂ., ಎಫ್ 2.8 ಇಟ್ಟು ಹತ್ತು ಅಡಿ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 4 ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಸುಕು. ಒಬ್ಬರಿಗೆ ಅದು ಚೆಂದ. ಅಜ್ಜಿ ಮುಂದೆ ಕೂತು ಮಗ ಸೊಸೆ ಹಿಂದೆ ನಿಂತರೆ ಅವರಿಬ್ಬರೂ ಮಸುಕಾಗುತ್ತಾರೆ. ಗುಂಪಿಗೆ 100 ಎಂ.ಎಂ., ಎಫ್ 8 ಇಟ್ಟು ಮೂವತ್ತು ಅಡಿ ಹಿಂದೆ ಸರಿಯಿರಿ. ಹತ್ತು ಹನ್ನೆರಡು ಅಡಿ ಅಗಲದ ಗುಂಪು ಹಿಡಿಸುತ್ತದೆ. ಮುಂದಿನ ಸಾಲಿನ ನಡುವೆ ಕೂತವರ ಕಣ್ಣಿಗೆ ಫೋಕಸ್ ಮಾಡಿದರೆ ಎರಡು ಸಾಲೂ ಸ್ಪಷ್ಟ.

ಮೂರನೆಯದು ನಮ್ಮೂರ ಬಿಸಿಲು. ಮಧ್ಯಾಹ್ನ ಬಳ್ಳಾರಿ ರಸ್ತೆಯ ಮೇಲೆ ನೀರು ನಿಂತಂತೆ ಬಿಸಿಲ್ಗುದುರೆ ಕಾಣುತ್ತದಲ್ಲ, ಕಾದ ನೆಲದ ಮೇಲಿನ ಅದೇ ಗಾಳಿ ಲೆನ್ಸಿನ ಮುಂದೆಯೂ ಕುಣಿಯುತ್ತದೆ. ದೂರ ಹೆಚ್ಚಿದಷ್ಟೂ ಮುಖ ಮಂಜಾಗುತ್ತದೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಮೊಳಕಾಲ್ಮೂರು ಸೀರೆಯ ಜರಿ ಅಂಚು ಕೂಡ ಆಗ ಎಳೆಎಳೆಯಾಗಿ ಕಾಣುತ್ತದೆ.

ಲೆನ್ಸ್ ಇಲ್ಲದವರು ಚಿಂತಿಸಬೇಡಿ. ಮೊಬೈಲಿನ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಜ್ಜಿಯನ್ನು ಬಾಗಿಲ ಬೆಳಕಿಗೆ ಕೂರಿಸಿ, ಆರೇಳು ಅಡಿ ಹಿಂದೆ ನಿಂತು 2 ಪಟ್ಟು ಜೂಮ್ ಮಾಡಿ.

ತೆಗೆದ ಮೇಲೆ ಪ್ರಿಂಟ್ ಹಾಕಿಸಿ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅದು ಹೇಳುತ್ತದೆ. 2,200 ವರ್ಷಗಳ ಮೇಲೂ ಅದನ್ನು ಓದಲು ಆಗಿರುವುದು ಕಲ್ಲಿನಲ್ಲಿ ಕೆತ್ತಿದ್ದರಿಂದ. ಮೊಬೈಲಿನಲ್ಲೇ ಬಿಟ್ಟ ಫೋಟೊ ಮೊಬೈಲ್ ಕೆಟ್ಟ ದಿನ ಹೋಯಿತು. ಪ್ರಿಂಟಿನ ಹಿಂದೆ ಹೆಸರು, ಊರು, ತಾರೀಖು ಬರೆದಿಡಿ. ಮೊಮ್ಮಕ್ಕಳು ಕೇಳುವ ಹೊತ್ತಿಗೆ ಹೇಳುವವರು ಇರಬೇಕಲ್ಲ.

ಕ್ಯಾಮೆರಾ ಎತ್ತಿದರೆ "ಈಗ್ಲೇ ಗೋಡೆಗೆ ಹಾಕ್ತೀಯೇನಪ್ಪಾ?" ಎಂದು ನಗುವ ಅಜ್ಜಿಯರಿದ್ದಾರೆ. ಹೌದಜ್ಜಿ, ಈಗಲೇ ಹಾಕೋಣ. ಹಾರವಿಲ್ಲದ ನಿಮ್ಮ ಫೋಟೊವನ್ನು ನೀವೇ ನೋಡಿ ಸಂತೋಷಪಡಿ.

ನಾಳೆ ಬೆಳಿಗ್ಗೆ ಆರೂವರೆಯಿಂದ ಎಂಟರ ತನಕ ಶಾಲೆಯ ಮೈದಾನದಲ್ಲಿ ಕ್ಯಾಮೆರಾ ಇಟ್ಟುಕೊಂಡು ಇರುತ್ತೇನೆ. ಮನೆಯ ಹಿರಿಯರನ್ನು ಕರೆತನ್ನಿ. ದುಡ್ಡು ಬೇಡ. ನಡೆಯಲಾಗದವರಿದ್ದರೆ ತಿಳಿಸಿ, ಮನೆಗೇ ಬರುತ್ತೇನೆ. ಪ್ರಿಂಟುಗಳನ್ನು ಶಾಲೆಗೆ ಕಳಿಸಿಕೊಡುತ್ತೇನೆ. ನನಗೆ ಅಕ್ಷರ ಕಲಿಸಿದ ಗುರುಗಳು ಮೊದಲ ಸಾಲಿನಲ್ಲಿ ಕೂರಬೇಕೆಂದು ಕೇಳಿಕೊಳ್ಳುತ್ತೇನೆ.