ಪಾಯದ ದುಡ್ಡು ಯಾರು ಕೊಡಬೇಕು?

ನೆರೆ ಬಂದಾಗ ಕೊಟ್ಟ ಹಣ ನಿಜಕ್ಕೂ ಸಂತ್ರಸ್ತರ ಕೈ ಸೇರಿತೇ? ಕೇಳುಗರು ಮತ್ತೆ ಮತ್ತೆ ಎತ್ತುವ ಪ್ರಶ್ನೆ ಇದು. ಮಾದನಾಯಕನಹಳ್ಳಿ, ಪೀಣ್ಯ, ನೆಲಮಂಗಲದ ಸುತ್ತಿನ ಕಾರ್ಖಾನೆಗಳಲ್ಲಿ ಈ ಪ್ರಶ್ನೆಗೆ ಕಾವು ಇನ್ನೂ ಹೆಚ್ಚು. ಇಲ್ಲಿ ಲೇತ್ ಮುಂದೆ ನಿಲ್ಲುವವರು, ಗೋದಾಮಿನಲ್ಲಿ ಲೋಡು ಇಳಿಸುವವರು ಎಷ್ಟೋ ಜನ ರಾಯಚೂರು, ಕಲಬುರಗಿ, ಬಾಗಲಕೋಟೆ ಕಡೆಯವರು. ಕೃಷ್ಣೆಯೋ ಮಲಪ್ರಭೆಯೋ ಉಕ್ಕಿದರೆ ಒಂದು ದಿನದ ಸಂಬಳ ಬಿಟ್ಟುಕೊಡುವವರೂ ಅವರೇ, ಊರಲ್ಲಿ ಗೋಡೆ ಕುಸಿದ ಮನೆಯ ಮಕ್ಕಳೂ ಅವರೇ.

ಹಣ ಸೇರಿತೇ ಎಂಬುದರ ಜೊತೆಗೆ ಯಾವಾಗ ಸೇರಿತು ಎಂದೂ ಕೇಳಬೇಕು. ದಾನ ಹರಿದು ಬರುವುದು ಟಿವಿಯಲ್ಲಿ ನೀರು ಕಾಣುವ ಮೊದಲ ಎರಡು ವಾರ. ಮನೆ ಏಳುವುದಕ್ಕೆ ಬೇಕಾದದ್ದು ಎರಡು ವರ್ಷ. ಕೊಡಗಿನಲ್ಲಿ ಗುಡ್ಡ ಕುಸಿದದ್ದು 2018ರ ಆಗಸ್ಟ್‌ನಲ್ಲಿ. ಇನ್ಫೋಸಿಸ್ ಪ್ರತಿಷ್ಠಾನ ಪುನರ್ವಸತಿಗೆ ₹25 ಕೋಟಿ ಘೋಷಿಸಿತು, ಸರ್ಕಾರವೂ ಜಾಗ ಹುಡುಕಿತು. ಇಷ್ಟಾಗಿಯೂ ಜಂಬೂರು, ಮದೆನಾಡಿನ ಮನೆಗಳ ಕೀಲಿ ಜನರ ಕೈಗೆ ಬಂದದ್ದು 2020ರ ಜೂನ್‌ನಲ್ಲಿ. ಹಣವಿದ್ದಲ್ಲೇ ಹೀಗಾದರೆ, ಹಣ ಮೊದಲ ಹದಿನೈದು ದಿನದಲ್ಲೇ ಖರ್ಚಾಗಿ ಹೋದ ಊರಿನ ಗತಿಯೇನು?

ಇನ್ನು ಬಟ್ಟೆ. ಹಳೇ ಬಟ್ಟೆಯ ಮೂಟೆ ಕಳಿಸುವುದು ಸೇವೆ ಎಂಬ ನಂಬಿಕೆ ಇನ್ನಾದರೂ ಹೋಗಬೇಕು. ಅಂಥ ಮೂಟೆಗಳನ್ನು ಬಿಚ್ಚಿ ವಿಂಗಡಿಸುವುದಕ್ಕೆ ಈ ಭಾಷಣಕಾರನೂ ಕೂತಿದ್ದುಂಟು: ಗುಂಡಿಯಿಲ್ಲದ ಅಂಗಿ, ಒಂಟಿ ಚಪ್ಪಲಿ, ನೀರು ಕುಡಿದು ಮುಗ್ಗಲು ಹಿಡಿದ ಸ್ವೆಟರ್. ಹತ್ತು ಕೈಗಳಿಗೆ ಅದೇ ಕೆಲಸ, ಉಟ್ಟುಕೊಳ್ಳಲು ಯೋಗ್ಯವಾದದ್ದು ಸ್ವಲ್ಪವೇ. ತುಮಕೂರು ರಸ್ತೆಯಲ್ಲಿ ಬ್ಯಾನರ್ ಕಟ್ಟಿಕೊಂಡು ಹೊರಡುವ ಬಟ್ಟೆ ಲಾರಿಯ ಡೀಸೆಲ್ ದುಡ್ಡೇ ನೆರೆ ಬಂದ ಊರಿಗೆ ಹೆಚ್ಚು ಉಪಕಾರ ಮಾಡುತ್ತಿತ್ತು.

ಎಲ್ಲಕ್ಕಿಂತ ಮುಖ್ಯ ಸಂಗತಿ ಪಾಯದ್ದು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ₹5 ಲಕ್ಷ ಎಂದಿತು. ಆಗಿನ ಕೇಂದ್ರದ ಮಾನದಂಡ ಬಯಲು ಸೀಮೆಯ ಪಕ್ಕಾ ಮನೆಗೆ ₹95,100 ಇದ್ದುದರಿಂದ ಇದು ದೊಡ್ಡ ಮೊತ್ತವೇ. ಆದರೆ ಹಣ ಬರುವುದು ಕಂತಿನಲ್ಲಿ. ಪಾಯ ಮುಗಿಸಿ ಫೋಟೊ ತೆಗೆಸಿದರೆ ಮುಂದಿನ ಕಂತು, ಗೋಡೆ ಎದ್ದರೆ ಮತ್ತೊಂದು, ಛತ್ತು ಬಿದ್ದರೆ ಉಳಿದದ್ದು. ದುರುಪಯೋಗ ತಡೆಯಲು ಇದು ಸರಿಯಾದ ಏರ್ಪಾಡು. ಗುಜರಾತಿನಲ್ಲಿ 2001ರ ಭೂಕಂಪದ ನಂತರ ಹೀಗೆ ಕಂತಿನ ಹಣದಲ್ಲಿ, ಎಂಜಿನಿಯರುಗಳ ತಪಾಸಣೆಯಲ್ಲಿ, ಜನರೇ ನಿಂತು ಲಕ್ಷಗಟ್ಟಲೆ ಮನೆ ಕಟ್ಟಿಸಿಕೊಂಡರು.

ತೊಡಕು ಎಲ್ಲಿ? ಕಾಳು ಕೊಚ್ಚಿಹೋಗಿದೆ, ಎತ್ತು ಸತ್ತಿದೆ, ಕೂಲಿ ಇಲ್ಲ. ಬಂದ ಮೊದಲ ಕಂತು ಹೊಟ್ಟೆಗೆ, ಔಷಧಿಗೆ, ಹಳೇ ಸಾಲಕ್ಕೆ ಕರಗುತ್ತದೆ. ಮಲಪ್ರಭೆ ದಂಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು, ಆಳವಾಗಿ ತೋಡದಿದ್ದರೆ ಗೋಡೆ ಸೀಳುತ್ತದೆ. ಹಾಗಾಗಿ ಪಾಯದ ಖರ್ಚೇ ಅಲ್ಲಿ ಭಾರಿ. ಪಾಯ ಅರ್ಧಕ್ಕೆ ನಿಂತರೆ ಫೋಟೊ ಇಲ್ಲ, ಫೋಟೊ ಇಲ್ಲದಿದ್ದರೆ ಕಂತಿಲ್ಲ. ಲಕ್ಷಗಳು ಸರ್ಕಾರದ ಲೆಕ್ಕದಲ್ಲಿ ಇವೆ, ಮನೆಯವರು ತಗಡಿನ ಶೆಡ್ಡಿನಲ್ಲಿ ಇದ್ದಾರೆ.

ಇಲ್ಲಿ ಬೇಕಾದದ್ದು ಕೈಗಡ. ಒಂದು ಕುಟುಂಬಕ್ಕೆ ಬಡ್ಡಿಯಿಲ್ಲದೆ ಐವತ್ತು ಸಾವಿರ ಕೊಟ್ಟರೆ ಪಾಯ ಮುಗಿಯುತ್ತದೆ, ಕಂತು ಬಿಡುಗಡೆಯಾಗುತ್ತದೆ. ಆ ಕಂತು ಕೈಗೆ ಬಂದಾಗ ಅವರು ತೀರಿಸುವಷ್ಟನ್ನು ತೀರಿಸುತ್ತಾರೆ, ಅದು ಪಕ್ಕದ ಮನೆಯ ಪಾಯಕ್ಕೆ ಹೋಗುತ್ತದೆ. ಹೊಲದ ಮೋಟರಿಗೆ ಮೊದಲು ಒಂದು ಕೊಡ ನೀರು ಹುಯ್ದರೆ ತಾನೇ ನೀರೆತ್ತುವುದು? ಇನ್ನೊಮ್ಮೆ ನೇರವಾಗಿ ಹೇಳುವುದಾದರೆ, ದಾನಿಯ ಸಣ್ಣ ಹಣ ಸರ್ಕಾರದ ದೊಡ್ಡ ಹಣವನ್ನು ಬಿಡಿಸಿಕೊಡಬೇಕು. ಮನೆ ಪೂರ್ತಿ ದಾನಿಯೇ ಕಟ್ಟಿಸಬೇಕಾಗಿಲ್ಲ. ಪಾಯ ನಿಲ್ಲದಂತೆ ನೋಡಿಕೊಂಡರೆ ಸಾಕು.

ದಾನಿಯೇ ಪೂರ್ತಿ ಕಟ್ಟಿಸಿದ್ದೂ ಉಂಟು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಹಾಮಳೆಯ ನಂತರ ‘ಆಸರೆ’ ಯೋಜನೆಯಡಿ ಮಠಗಳು, ಕಂಪನಿಗಳು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಊರುಗಳನ್ನೇ ವಹಿಸಿಕೊಂಡವು. ರಾಯಚೂರಿನ ಡೊಂಗರಾಂಪುರದಲ್ಲಿ ಮಾತಾ ಅಮೃತಾನಂದಮಯಿ ಮಠ ಬಲು ಬೇಗ ಮನೆ ಕಟ್ಟಿಕೊಟ್ಟಿತು. ಆದರೆ ಬೇರೆ ಕಡೆ ಎಷ್ಟೋ ಆಸರೆ ಕಾಲೊನಿಗಳಲ್ಲಿ ಮನೆಗಳು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕುಡಿಯುವ ನೀರಿಲ್ಲ. ಜನ ಹಳೇ ಊರಿಗೇ ಮರಳಿದರು, ಮುಂದಿನ ನೆರೆಯಲ್ಲಿ ಮತ್ತೆ ಮುಳುಗಿದರು. ಜನ ಸೋಮಾರಿಗಳು, ಕೊಟ್ಟ ಮನೆಗೂ ಹೋಗುವುದಿಲ್ಲ ಎಂದು ಬೈಯುವವರು ದನವಿಲ್ಲದೆ ಒಕ್ಕಲುತನ ಹೇಗೆ ಸಾಗುತ್ತದೆ ಎಂದು ಒಮ್ಮೆ ಯೋಚಿಸಬೇಕು.

ದೊಡ್ಡ ಕಂಪನಿಗಳು ಕೊಡುತ್ತವಲ್ಲ ಎಂಬ ಮಾತೂ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಸರಾಸರಿ ನಿವ್ವಳ ಲಾಭದ ಶೇ 2ರಷ್ಟು ಖರ್ಚು ಮಾಡಿಸುವುದು ₹500 ಕೋಟಿ ನಿವ್ವಳ ಮೌಲ್ಯ, ₹1,000 ಕೋಟಿ ವಹಿವಾಟು ಅಥವಾ ₹5 ಕೋಟಿ ಲಾಭ ಮುಟ್ಟಿದವರಿಂದ ಮಾತ್ರ. ಪೀಣ್ಯದ ಹೆಚ್ಚಿನ ಶೆಡ್ಡುಗಳು ಅದರ ಕೆಳಗೇ ಇವೆ. ಹಾಗಾಗಿ ಸಣ್ಣ ಕಾರ್ಖಾನೆಗೆ ತನ್ನ ಹಣ ಎಲ್ಲಿಗೆ, ಯಾವಾಗ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಪೂರ್ತಿ ಇದೆ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದು ಚುಟುಕಾಗಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು ಲೇಸು, ₹2,000 ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಸಿಗದು. ಕೈಗಡದ ಲೆಕ್ಕವನ್ನು ಆ ಊರಿನ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಒಪ್ಪಿಸಬಹುದು, ಯಾರ ಪಾಯ ಎಲ್ಲಿ ನಿಂತಿದೆ ಎಂದು ಅವರಿಗೆ ಗೊತ್ತಿರುತ್ತದೆ. ಸಂಗ್ರಹವಾದದ್ದರಲ್ಲಿ ಅರ್ಧವನ್ನು ತುರ್ತಿಗೆ ಕಳಿಸಿ, ಇನ್ನರ್ಧವನ್ನು ಬೇರೆ ಖಾತೆಯಲ್ಲಿ ಇಡಬೇಕು. ದೀಪಾವಳಿಗೋ ಸಂಕ್ರಾಂತಿಗೋ ಊರಿಗೆ ಹೋಗುವ ಜೊತೆಗಾರ ಅರ್ಧಕ್ಕೆ ನಿಂತ ಪಾಯಗಳನ್ನು ಎಣಿಸಿಕೊಂಡು ಬಂದ ಮೇಲೆ ಆ ಹಣ ಹೊರಡಲಿ.