ಮುಂದೆ ಜಗಮಗ, ಹಿಂದೆ ಕತ್ತಲು: ನಮ್ಮೂರ ಟ್ರ್ಯಾಕ್ಟರ್ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ್ಯಾಗ ಕೂತಿದ್ರೂ ಸರಿ, ಹೊಲದ ಬದುವಿನ ಮ್ಯಾಲೆ ಕೂತಿದ್ರೂ ಸರಿ, ಐದು ನಿಮಿಷ ಕೇಳ್ರಿ. ಇವತ್ತಿನ ಮಾತು ಗಾಡಿ ಮಾಡಿಫಿಕೇಶನ್ ಬಗ್ಗೆ.

ಹಂಗಂದ ಕೂಡಲೇ ನೆನಪಾಗೋದು ಅಮೆರಿಕ, ಜಪಾನ್. ಲಾಸ್ ವೇಗಾಸ್‌ನಲ್ಲಿ ನಡೆಯೋ ಸೇಮಾ ಶೋ ಶುರುವಾಗಿದ್ದು 1967ರಲ್ಲಿ. ಜಪಾನಿನಲ್ಲಿ ಲಾರಿಗೆ ಮೈತುಂಬ ಲೈಟು ಹಾಕಿ ಸಿಂಗಾರ ಮಾಡ್ತಾರೆ, ಅದಕ್ಕೆ ಡೆಕೊಟೊರಾ ಅಂತಾರೆ. ಆದ್ರೆ ನಮ್ಮ ಕಡೆ ಈ ಶೋಕಿ ನೋಡಬೇಕಂದ್ರೆ ಟಿಕೆಟ್ ಬೇಕಾಗಿಲ್ಲ. ಜಾತ್ರೆ ಟೈಮಿನ್ಯಾಗ ನವಲಗುಂದ ತಾಲೂಕಿನ ಯಮನೂರಿಗೆ ಹೋಗ್ರಿ, ಸಾಕು.

ಬೆಣ್ಣಿಹಳ್ಳದ ದಂಡಿ ಮ್ಯಾಲಿನ ಊರು. ಕೆಲವರಿಗೆ ಚಾಂಗದೇವ, ಕೆಲವರಿಗೆ ರಾಜಾಬಾಗಸವಾರ. ಬಾಗಸವಾರ ಅಂದ್ರೆ ಹುಲಿ ಮ್ಯಾಲೆ ಸವಾರಿ ಮಾಡಿದವ. ಹಿಂದೂ, ಮುಸ್ಲಿಂ ಇಬ್ಬರೂ ನಡಕೊಳ್ಳೋ ಜಾಗ. ಮೊದಲು ಇಂಥ ಜಾತ್ರೆಗೆ ಜನ ಚಕ್ಕಡಿ ಕಟ್ಟಿಕೊಂಡು ಬರ್ತಿದ್ರು. ಎತ್ತಿನ ಕೋಡಿಗೆ ಬಣ್ಣ, ಕೊಳ್ಳಾಗ ಗೆಜ್ಜೆಸರ, ಬೆನ್ನ ಮ್ಯಾಲೆ ಜೂಲ. ಈಗ ಆ ಜಾಗಕ್ಕೆ ಟ್ರ್ಯಾಕ್ಟರ್ ಬಂದೈತಿ. ಗೆಜ್ಜೆ ಬದಲು ಸ್ಪೀಕರ್, ಜೂಲದ ಬದಲು ಸ್ಟಿಕ್ಕರ್ರು, ಮುಂದೆ ಸಾಲು ಸಾಲು ಎಲ್‌ಇಡಿ. ದುಡಿಯೋ ಜೀವವನ್ನ ಸಿಂಗರಿಸೋ ಪ್ರೀತಿ ಮಾತ್ರ ಅದೇ. ಹಂಗಾಗಿ "ಈಗಿನ ಹುಡುಗರು ಕೆಟ್ಟಾರ" ಅನ್ನೋ ಮಾತನ್ನ ನಾನು ಒಪ್ಪಲ್ಲ.

ಆದ್ರೆ ಒಂದು ಪ್ರಶ್ನೆ. ರಾತ್ರಿ ಆ ಟ್ರ್ಯಾಕ್ಟರ್ ನಿಮ್ಮನ್ನ ದಾಟಿ ಹೋದ ಮ್ಯಾಲೆ ಹಿಂದಿರುಗಿ ನೋಡೀರೇನು? ಮುಂದೆ ಮದುವಿ ಮನಿ ಹಂಗ ಬೆಳಕು. ಹಿಂದಿನ ಟ್ರೇಲರ್‌ಗೆ ಎಷ್ಟೋ ಸಲ ಒಂದು ಕೆಂಪು ದೀಪನೂ ಇರಲ್ಲ, ರಿಫ್ಲೆಕ್ಟರೂ ಇರಲ್ಲ. ಅದರೊಳಗೆ ಕೂತಿರೋರು ಯಾರು? ಅವ್ವ, ಅಕ್ಕನ ಮಕ್ಕಳು, ಓಣಿ ಮಂದಿ. ಹುಬ್ಬಳ್ಳಿ–ವಿಜಯಪುರ ರಸ್ತೆಯಲ್ಲಿ ಹಿಂದಿಂದ ಜೋರಾಗಿ ಬರೋ ಲಾರಿಯವನಿಗೆ ನಿಮ್ಮ ಮುಂದಿನ ಲೈಟು ಕಾಣಲ್ಲ.

ಎರಡನೇದು ಬ್ರೇಕು. ಟ್ರ್ಯಾಕ್ಟರ್‌ಗೆ ಎಡಗಾಲಿಗೊಂದು, ಬಲಗಾಲಿಗೊಂದು, ಎರಡು ಬ್ರೇಕ್ ಪೆಡಲ್ ಇರ್ತಾವ. ಹೊಲದಾಗ ಸಣ್ಣ ಜಾಗದಲ್ಲಿ ತಿರುಗಿಸಾಕ ಅದು ಬೇಕು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಕೂಡಿಸಬೇಕು. ಮರೆತು ಒಂದನ್ನೇ ಒತ್ತಿದ್ರೆ ಗಾಡಿ ಒಂದು ಕಡೆ ಎಳೆದು ಪಲ್ಟಿ ಹೊಡೀಬಹುದು. ಟ್ರೇಲರ್‌ಗೆ ಬ್ರೇಕ್ ಇರದಿದ್ರೆ, ನೀವು ನಿಲ್ಲಿಸಿದ್ರೂ ಹಿಂದಿನ ಭಾರ ದಬ್ಬತೈತಿ. ಪಂಪ್ ಸೆಟ್ಟಿಂಗ್ ಬದಲಿಸಿ ಪವರ್ ಏರಿಸಿದೋರು ಈ ಲೆಕ್ಕ ಹಾಕೀರೇನು?

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಂಗ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದೈತಿ. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಮತ್ತ ದೊಡ್ಡ ಹೊಡೆತ ಅಂದ್ರೆ ವಿಮೆ. ಕೃಷಿಗೆ ಅಂತ ವಿಮೆ ಮಾಡಿಸಿದ ಟ್ರೇಲರ್‌ನಲ್ಲಿ ಜನ ಕೂತಿದ್ದಾಗ ಅಪಘಾತ ಆದ್ರೆ, ಕಂಪನಿ ಕೈ ಎತ್ತಬಹುದು. ಪರಿಹಾರ ಗಾಡಿ ಮಾಲೀಕನ ತಲೆಗೆ ಬರತೈತಿ. ಹುಡುಗನ ಶೋಕಿಗೆ ಅಪ್ಪನ ಎರಿ ಹೊಲ ಹೋಗಬಹುದು.

ಸಿಂಗಾರ ಬಿಡ್ರಿ ಅಂತ ನಾ ಹೇಳಲ್ಲ. ಹಗಲಿನಾಗ ಬಣ್ಣ, ಬಲೂನು, ಬಾಳಿಕಂಬ, ಎಲ್ಲಾ ಇರಲಿ. ಮಂದಿ ಹೋಗಾಕ ಬಸ್ಸು, ಟೆಂಪೋ ಮಾಡ್ರಿ. ಹೊಸ ಸ್ಪೀಕರ್ ತರೋ ಮುಂಚೆ ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸ್ರಿ, ದೀಪ ಹಚ್ಚಿ ನೋಡ್ರಿ, ಪೆಡಲ್ ಕೊಂಡಿ ಹಾಕ್ರಿ. ಎತ್ತು ಸಿಂಗರಿಸೋ ಅಜ್ಜ ಮೊದಲು ಅದರ ಗೊರಸು ನೋಡ್ತಿದ್ದ, ಆಮ್ಯಾಲೆ ಗೆಜ್ಜೆ ಕಟ್ಟತಿದ್ದ. ನಾವೂ ಅಷ್ಟು ಮಾಡಿದ್ರೆ ಸಾಕು.

ಈ ಎಪಿಸೋಡನ್ನ ನಿಮ್ಮೂರ ಟ್ರ್ಯಾಕ್ಟರ್ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕ್ರಿ. ಮುಂದಿನ ವಾರ ಸಿಗೋಣು.