ಮೀನಖಂಡ ಹಿಡಕೊಂಡಾಗ ಓಡಬೇಕಾ, ನಿಲ್ಲಬೇಕಾ?



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಬೆಳಿಗ್ಗೆ ಐದಕ್ಕೆ ಈ ಊರುಗಳ ಯಾವ ಮೈದಾನಕ್ಕೆ ಹೋದರೂ ಹುಡುಗ ಹುಡುಗಿಯರು ಓಡ್ತಿರ್ತಾರೆ. ಒಬ್ಬರಿಗೆ ಪೊಲೀಸ್ ಫಿಸಿಕಲ್, ಇನ್ನೊಬ್ಬರಿಗೆ ಅಗ್ನಿವೀರ್, ಮತ್ತೊಬ್ಬರಿಗೆ ಎಸ್‌ಎಸ್‌ಸಿ ಜಿಡಿ. ಮೂರನೇ ರೌಂಡಿಗೆ ಮೀನಖಂಡ ಕಲ್ಲಿನಂತೆ ಬಿಗಿದುಕೊಳ್ತದೆ. ಪಕ್ಕದಲ್ಲಿ ಓಡ್ತಿರೋ ಗೆಳೆಯ ಹೇಳ್ತಾನೆ, "ಏ ನಿಂದ್ರಬ್ಯಾಡೋ, ಓಡಿದ್ರ ತಾನಾ ಬಿಡ್ತದ." ಮನೆಗೆ ಬಂದರೆ ಅವ್ವ, "ಕಾಲು ನೋಯ್ತದಂದ್ರ ಯಾಕ ಹೋಗ್ತಿ? ಒಂದ್ ತಿಂಗಳು ಸುಮ್ಮ ಮನಿಯಾಗ ಇರು." ಯಾರ ಮಾತು ಕೇಳಬೇಕು?

ನಂದು ಬಿ.ಕಾಂ. ಡಿಗ್ರಿ, ಡಾಕ್ಟರಕಿ ಅಲ್ಲ. ಆದರೆ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಒಪ್ಪುವ ಕೆಲವು ಸರಳ ವಿಷಯಗಳಿವೆ, ಅವನ್ನಷ್ಟೇ ಹೇಳ್ತೀನಿ. ಒಂದೇ ಸಾಲಿನಲ್ಲಿ ಹೇಳೋದಾದರೆ, ಗೆಳೆಯನೂ ಪೂರ್ತಿ ಸರಿ ಇಲ್ಲ, ಅವ್ವನೂ ಪೂರ್ತಿ ಸರಿ ಇಲ್ಲ. ನೋವು ಮತ್ತೆ ಮತ್ತೆ ಬರ್ತಿದ್ದರೆ ಅದನ್ನು ತುಳಿದುಕೊಂಡು ಓಡಬೇಡಿ. ಹಾಗಂತ ಓಟವನ್ನೇ ಬಿಡಬೇಡಿ. ಓಡುವ ರೀತಿ ಬದಲಿಸಿ.

ಮೊದಲು ಯಾವ ನೋವು ಅಂತ ಗುರುತಿಸಬೇಕು. ಹೊಸ ಕಸರತ್ತು ಮಾಡಿದ ಮರುದಿನ ಎರಡೂ ಕಾಲು ಸಮವಾಗಿ ಜಡವಾಗ್ತವೆ, ಮೆಟ್ಟಿಲು ಇಳಿಯುವಾಗ ನೋಯ್ತವೆ. ಇದು ಒಂದರಿಂದ ಮೂರು ದಿನದೊಳಗೆ ಜೋರಾಗಿ, ಆಮೇಲೆ ತಾನೇ ಇಳೀತದೆ. ಇಂಥ ನೋವಿನಲ್ಲಿ ನಡೀಬಹುದು, ನಿಧಾನ ಓಡಲೂಬಹುದು.

ಎರಡನೇದು ಸೆಳೆತ. ಓಡುವಾಗಲೋ, ಓಡಿ ನಿಂತ ಕೂಡಲೇನೋ ಸ್ನಾಯು ತಾನಾಗಿ ಬಿಗಿದು ಗಂಟಾಗ್ತದೆ. ಆಗ ನಿಲ್ಲಲೇಬೇಕು. ಕೂತು, ಕಾಲು ಚಾಚಿ, ಪಾದದ ಬೆರಳುಗಳನ್ನು ನಿಮ್ಮ ಕಡೆ ಎಳೆದು ಅರ್ಧ ನಿಮಿಷ ಹಿಡೀರಿ. ಬಿಟ್ಟ ಮೇಲೆ ನಡೆದುಕೊಂಡು ಮುಗಿಸಿ. ಅವತ್ತಿನ ಸ್ಪೀಡ್ ರನ್ನಿಂಗ್ ಅಲ್ಲಿಗೆ ಸಾಕು.

ಮೂರನೇದು ಪೆಟ್ಟು. ಒಂದೇ ಕಾಲು, ಒಂದೇ ಜಾಗ, ಬೆರಳಿಟ್ಟು ತೋರಿಸುವಷ್ಟು ಖಚಿತ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹಾಗೆ ನೋಯ್ತಿದ್ದರೆ ಸಣ್ಣ ಬಿರುಕು ಇರಬಹುದು. ಅದರ ಮೇಲೆ ಓಡಿದರೆ ಒಂದು ತಿಂಗಳ ಕೆಲಸ ಆರು ತಿಂಗಳಿಗೆ ಹೋಗ್ತದೆ.

ಸರಿ, ಸೆಳೆತ ಪದೇ ಪದೇ ಯಾಕೆ ಬರ್ತದೆ? "ನೀರು ಕಡಿಮೆ ಆಗ್ಯಾದ" ಅಂತ ಎಲ್ಲರೂ ಹೇಳ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 210 ಐರನ್‌ಮನ್ ಟ್ರಯಥ್ಲಾನ್ ಸ್ಪರ್ಧಿಗಳನ್ನು ಪರೀಕ್ಷಿಸಿತು. ಯಾರಿಗೆ ಸೆಳೆತ ಬರಬಹುದು ಅನ್ನೋದನ್ನು ನೀರಿನ ಕೊರತೆಯಾಗಲಿ, ರಕ್ತದ ಸೋಡಿಯಂ ಆಗಲಿ ಹೇಳಲಿಲ್ಲ. ಹೇಳಿದ್ದು ಎರಡು ಸಂಗತಿ: ಹೆಚ್ಚಿನ ವೇಗ, ಮತ್ತು ಹಿಂದೆ ಸೆಳೆತ ಬಂದ ಇತಿಹಾಸ. ಅಂದರೆ ದಣಿದ ಸ್ನಾಯುವಿನಿಂದ ಅದರ ತಯಾರಿಗೆ ಮೀರಿದ ಕೆಲಸ ಕೇಳಿದಾಗ ಅದು ಹಿಡಕೊಳ್ತದೆ.

ಹಾಗಂತ ಉಪ್ಪು ನೀರಿನ ಮಾತು ಸುಳ್ಳಲ್ಲ. ಬಿಸಿಲಲ್ಲಿ ತಾಸುಗಟ್ಟಲೆ ಬೆವರು ಸುರಿಸಿ ದುಡಿಯೋರ ಕಥೆ ಬೇರೆ. 1920ರ ದಶಕದಲ್ಲೇ ಬ್ರಿಟನ್ನಿನ ವಿಜ್ಞಾನಿ ಜೆ.ಎಸ್. ಹಾಲ್ಡೇನ್, ಬಿಸಿ ಗಣಿಗಳಲ್ಲಿ ದುಡಿದು ಬರೀ ನೀರು ಕುಡಿಯುವ ಕಾರ್ಮಿಕರಿಗೆ ಬರುವ ಸೆಳೆತಕ್ಕೆ ಬೆವರಿನಲ್ಲಿ ಹೋದ ಉಪ್ಪೇ ಕಾರಣ ಅಂತ ವಿವರಿಸಿದ್ದರು. ಶಹಾಬಾದಿನ ಫರಸಿ ಖಣಿಯಲ್ಲಿ, ವಾಡಿ-ಸೇಡಂನ ಸಿಮೆಂಟ್ ಫ್ಯಾಕ್ಟರಿಗಳಲ್ಲಿ, ಬಿಸಿಲಲ್ಲಿ ಹೊಲದಲ್ಲಿ ದುಡಿಯೋರಿಗೆ ಇದು ನೇರ ಅನ್ವಯಿಸ್ತದೆ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕುಡೀರಿ. ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಮ ಅಳತೆ. ಬಿಪಿ, ಕಿಡ್ನಿ ತೊಂದರೆ ಇದ್ದೋರು ಮಾತ್ರ ಡಾಕ್ಟರ್ ಕೇಳದೆ ಉಪ್ಪು ಹೆಚ್ಚಿಸಬೇಡಿ.

ಇಲ್ಲೇ ನಮ್ಮ ಕಡೆಯ ಹುಡುಗರ ಲೆಕ್ಕ ತಪ್ಪೋದು. ಬೆಂಗಳೂರಿನ ಕೋಚ್ ಯೂಟ್ಯೂಬ್‌ನಲ್ಲಿ ಕೊಡುವ ಪ್ಲಾನ್, ಓಡಿ ಬಂದು ಕೂತು ಓದುವವನಿಗೆ ಬರೆದದ್ದು. ನೀವು ಹಗಲೆಲ್ಲ ಫರಸಿ ಹೊತ್ತು, ಶಿಫ್ಟ್ ಮುಗಿಸಿ, ಸಂಜೆ ಅದೇ ಪ್ಲಾನ್ ಓಡ್ತೀರಿ. ಕಾಲಿಗೆ ಸಂಬಳದ ಕೆಲಸ ಯಾವುದು, ಪ್ರಾಕ್ಟೀಸ್ ಯಾವುದು ಗೊತ್ತಿಲ್ಲ. ಎರಡೂ ಒಂದೇ ಖಾತೆಗೆ ಖರ್ಚು. ಅದಕ್ಕೇ ಮೈಮುರಿದು ದುಡಿದ ದಿನವನ್ನು ಕಠಿಣ ದಿನ ಅಂತಲೇ ಬರ್ಕೊಳ್ರಿ. ಅವತ್ತು ಜೋರಾಗಿ ಓಡೋದು ಬ್ಯಾಡ.

ಉದಾಹರಣೆಗೆ ಕರ್ನಾಟಕ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಯಲ್ಲಿ ಪುರುಷರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡ್. ಅಂದರೆ 400 ಮೀಟರಿನ ಒಂದು ರೌಂಡಿಗೆ ಸುಮಾರು 97 ಸೆಕೆಂಡ್. ಬಹಳ ಜನ ಮೊದಲ ರೌಂಡ್ 75ಕ್ಕೆ ಓಡಿ, ಮೂರನೇದಕ್ಕೆ ಕಾಲು ಹಿಡಕೊಂಡು ಕೂಡ್ತಾರೆ. ದಿನಾ ಪೂರ್ತಿ 1600 ಟೈಮಿಂಗ್ ಹಾಕಬೇಡಿ. ವಾರಕ್ಕೆ ಎರಡು ದಿನ ಜೋರು, ಉಳಿದ ದಿನ ಮಾತಾಡಿಕೊಂಡು ಓಡುವಷ್ಟು ನಿಧಾನ, ಒಂದು ದಿನ ಪೂರ್ತಿ ರಜೆ. ಜೊತೆಗೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ಕಸರತ್ತು, ಮೀನಖಂಡ ಗಟ್ಟಿಯಾಗಲಿಕ್ಕೆ.

ಓಡುವಾಗ ನೋವಿಗೆ ಹತ್ತರಲ್ಲಿ ಅಂಕ ಕೊಡ್ರಿ. ಮೂರರ ತನಕ ಇದ್ದು, ಮರುದಿನ ಬೆಳಿಗ್ಗೆ ಹೆಚ್ಚಾಗದಿದ್ದರೆ ಮುಂದುವರಿಸಿ. ನಾಲ್ಕು-ಐದು ಆದರೆ ವೇಗ, ದೂರ ಇಳಿಸಿ. ಅದಕ್ಕಿಂತ ಮೇಲೆ ಹೋದರೆ, ಕುಂಟಲಿಕ್ಕೆ ಹತ್ತಿದರೆ, ನಿಲ್ಲಿ. ನೋವಿನ ಗುಳಿಗೆ ನುಂಗಿ ಓಡೋದು ಬೇಡವೇ ಬೇಡ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಗುಳಿಗೆ ಕಿಡ್ನಿಗೆ ಪೆಟ್ಟು ಕೊಡ್ತದೆ.

ಕೆಲವು ಲಕ್ಷಣಗಳಿಗೆ ಕಾಯಲೇಬಾರದು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಕಿಡ್ನಿಗೆ ಹೋಗ್ತಿದೆ ಅಂತ ತಿಳಿದು ಅವತ್ತೇ ಆಸ್ಪತ್ರೆಗೆ ಹೋಗ್ರಿ. ಒಂದೇ ಮೀನಖಂಡ ಊದಿ ಬಿಸಿಯಾದರೂ ಅಷ್ಟೇ. ಎದೆ ನೋವು, ಕಣ್ಣು ಕತ್ತಲೆ, ಬಿಸಿಲಲ್ಲಿ ತಬ್ಬಿಬ್ಬಾಗಿ ಮಾತಾಡೋದು ಕಂಡರೆ ನೆರಳಿಗೆ ಒಯ್ದು, ಮೈಗೆ ನೀರು ಹಾಕುತ್ತಾ 108ಕ್ಕೆ ಕರೆ ಮಾಡ್ರಿ. ಓಡದಿದ್ದಾಗಲೂ ವಾರಗಟ್ಟಲೆ ಸೆಳೆತ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಥೈರಾಯ್ಡ್, ರಕ್ತದ ಲವಣಗಳ ಬಗ್ಗೆ ಕೇಳ್ರಿ. ತಿನ್ನೋ ಗುಳಿಗೆಗಳ ಹೆಸರೂ ಹೇಳ್ರಿ, ಕೊಲೆಸ್ಟ್ರಾಲ್ ಗುಳಿಗೆಯಿಂದಲೂ ಸ್ನಾಯು ನೋಯ್ತವೆ.

2024ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್ಸ್‌ಟೇಬಲ್ ನೇಮಕಾತಿಯ ಓಟದ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ತೀರಿಕೊಂಡರು. 10 ಕಿಲೋಮೀಟರ್ ಓಟ ಅದು. ಸರ್ಕಾರ ಕೆಲ ದಿನ ಓಟ ನಿಲ್ಲಿಸಿತು. ಅವರೂ ನಮ್ಮ ಹಾಗೇ ಒಂದು ಸರ್ಕಾರಿ ನೌಕರಿಗೆ ಮನೆಯವರ ಆಸೆ ಹೊತ್ತು ಬಂದೋರು. ಅರ್ಜಿ ಮುಂದಿನ ಸಲ ಮತ್ತೆ ಕರೀತಾರ್ರಿ. ವಯಸ್ಸಿನ ಮಿತಿ ಹತ್ತಿರ ಬಂದೋರಿಗೆ ಈ ಮಾತು ಕಹಿ ಅನ್ನಿಸಬಹುದು, ಗೊತ್ತು. ಆದರೆ ಮೈದಾನದಲ್ಲಿ ಬಿದ್ದರೆ ಯಾವ ಮುಂದಿನ ಸಲವೂ ಇರಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಪಕ್ಕದೋನು ಕಾಲು ಹಿಡಕೊಂಡು ಕೂತರೆ "ಏಳೋ" ಅನ್ನಬೇಡಿ. ಕೂತು ಅವನ ಪಾದ ಹಿಡಿದು ಹಿಂದಕ್ಕೆ ಒತ್ತಿ, ಎಲ್ಲಿ ನೋಯ್ತದ ಅಂತ ಕೇಳ್ರಿ. ಬರ್ತೀನ್ರಿ, ಮುಂದಿನ ಕಂತಿನಲ್ಲಿ ಸಿಗೋಣ.